ರಹಮಾನಸಾಬನ ಬೀಡಿ ಅಳತೆ
ಬೆಟಗೇರಿಯ ಹೊರಗಿನ ಹೊಸ ಓಣಿಯಲ್ಲಿ ಬಾಡಿಗೆ ಮನೆ ತೋರಿಸುವ ದಲಾಲ ರಹಮಾನಸಾಬ ದೂರವನ್ನೆಲ್ಲ ಬೀಡಿಯಲ್ಲೇ ಅಳೆಯುತ್ತಿದ್ದ. ಶಾಲೆ ಅರ್ಧ ಬೀಡಿ ಸೇದುವಷ್ಟು ದೂರ, ಹಿಟ್ಟಿನ ಗಿರಣಿ ಒಂದು ಬೀಡಿ, ಬಸ್‌ಸ್ಟ್ಯಾಂಡಂತೂ "ಕಡ್ಡಿ ಕೊರಿಯೂದ್ರಾಗ ಬಂತ್ರಿ ಅಕ್ಕಾರ!" ಅದೇ ಬಸ್‌ಸ್ಟ್ಯಾಂಡಿನಿಂದ ಕೂಸನ್ನು ಎತ್ತಿಕೊಂಡು ಸುಡುಬಿಸಿಲಲ್ಲಿ ನಡೆದು ಮನೆ ನೋಡಲು ಬಂದಿದ್ದ ಅಮೃತವ್ವ, ಇಂಥ ಹಸಿ ಸುಳ್ಳಿಗೆ ದಂಗಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಬತ್ತಿದ ಹಿತ್ತಲ ಬಾವಿಯೂ ಅವನ ಮಾತಿನಲ್ಲಿ ತುಂಬಿ ತುಳುಕುತ್ತಿತ್ತು. "ಮತ್ತ ದವಾಖಾನಿ ಎಷ್ಟು ಬೀಡಿ ದೂರರೀ?" ಎಂದು ಆಕೆ ಚೇಷ್ಟೆಗೆ ಕೇಳಿದಳು. ರಹಮಾನಸಾಬ ಕೈಯಲ್ಲಿದ್ದ ಬೀಡಿಯನ್ನು ನೆಲಕ್ಕೆ ಹೊಸಕಿದ. "ಆ ದಾರ್ಯಾಗ ಬೀಡಿ ಸೇದಕೋತ ಹೋಗಿಲ್ರಿ. ಟಾಂಗಾ ಸಿಗಲಿಲ್ಲ, ಮಗಳನ್ನ ಎತ್ಕೊಂಡು ಓಡಿದ್ನಿ. ಮುಟ್ಟೂದ್ರಾಗ ತಣ್ಣಗಾಗಿದ್ಲು." ಅಮೃತವ್ವ ಕೂಸನ್ನು ಎದೆಗೆ ಅವಚಿಕೊಂಡಳು. ಅವನು ಅವಳ ಕೂಸನ್ನೇ ನೋಡುತ್ತ ಮನೆಗೆ ಬೀಗ ಹಾಕಿದ. "ಈ ಮನಿ ನಿಮಗ ಬ್ಯಾಡ್ರಿ ಅಕ್ಕಾರ."