ತಾರೀಖು ಹುಡುಕುವ ಬು ವುರ್ಯಾನಿ

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬು ವುರ್ಯಾನಿ ಯೋಗ್ಯಕರ್ತಾ ನಗರದ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊಸ ಚರಿತ್ರೆ ಪುಸ್ತಕವೊಂದರ ಕೊನೆಯ ಪುಟಗಳನ್ನು ತೆರೆದು ಕೂತಿದ್ದರು. ಹೊಸ ಪುಸ್ತಕಗಳನ್ನು ನಾನು ಕಪಾಟಿಗೆ ಜೋಡಿಸುವ ಮೊದಲೇ ಅವು ಅವರ ಮಡಿಲು ಸೇರುತ್ತವೆ. ಅವುಗಳ ಅಂಟಿನ ವಾಸನೆ ಹಿಡಿದೇ, ನಾವೆಲ್ಲ 'ಬು' ಅಂದರೆ ಅಮ್ಮ ಎನ್ನುವ ಈ ನಿವೃತ್ತ ಟೀಚರು ಊರಿಂದ ಬಸ್ಸು ಹತ್ತುತ್ತಾರೆಂದು ನಮ್ಮ ತಮಾಷೆ. ತತ್ವಶಾಸ್ತ್ರವನ್ನು ಮುಟ್ಟುವುದಿಲ್ಲ. ರಾಜರ ಚರಿತ್ರೆಯಾದರೆ, "ಇವರಿಗೆ ಅಳೋಕೆ ಬೇಕಾದಷ್ಟು ಜನ ಇದ್ರು" ಎಂದು ಹಿಂದಿರುಗಿಸುತ್ತಾರೆ. ಕಮ್ಯುನಿಸ್ಟರೆಂದು ನಮ್ಮ ದೇಶದಲ್ಲಿ ಲಕ್ಷಾಂತರ ಜನರನ್ನು ಕೊಂದ ಸಾವಿರದ ಒಂಬೈನೂರ ಅರವತ್ತೈದರ ಹತ್ಯೆಗಳ ಪುಸ್ತಕವಾದರೆ ಮಾತ್ರ ಹೆಸರುಗಳ ಸೂಚಿಯ ಮೇಲೆ ಬೆರಳಾಡಿಸುತ್ತಾರೆ. "ಹಿಂದಿನಿಂದ ಓದಿದ್ರೆ ಕಥೆ ಹೇಗೆ ತಿಳಿಯುತ್ತೆ ಬು?" ಎಂದು ವಿದ್ಯಾರ್ಥಿಗಳು ಕಾಡಿದರೆ, "ಕಥೆ ನಂಗೊತ್ತು ಕಣ್ರೋ, ತಾರೀಖು ಬೇಕು" ಎನ್ನುತ್ತಾರೆ. ಅವರ ಅಣ್ಣ ಕುಂಚೊರೊನನ್ನು ಆ ವರ್ಷ ಜೈಲಿನಿಂದ ಲಾರಿ ಹತ್ತಿಸಿದರು. ಕೊಂದದ್ದು ಯಾವ ದಿನವೆಂದು ಯಾರೂ ಹೇಳಲಿಲ್ಲ. ಸತ್ತವರನ್ನು ನಾವು, ಸತ್ತ ದಿನದಿಂದ ಎಣಿಸಿ ಸಾವಿರನೆಯ ದಿನ, ನೆರೆಹೊರೆಗೆ ಅನ್ನ ಬಡಿಸಿ ಕಡೆಯದಾಗಿ ಬೀಳ್ಕೊಡುತ್ತೇವೆ. "ನಲವತ್ತು ವರ್ಷ ಆಯ್ತಲ್ಲ ಬು, ಸಾವಿರ ದಿನ ಯಾವತ್ತೋ ಕಳೀತು, ಅಂದಾಜಿಗೆ ಒಂದು ದಿನ ಹಿಡಿದು ಮಾಡಿಬಿಡಿ" ಎಂದು ಒಮ್ಮೆ ಹೇಳಿದ್ದೆ. ಕನ್ನಡಕ ತೆಗೆದು ಒರೆಸುತ್ತ ಅವರೆಂದರು: "ಅವನನ್ನ ಅಂದಾಜಿಗೆ ಕಳಿಸಲ್ಲಪ್ಪ. ನನ್ನ ಲೆಕ್ಕದಲ್ಲಿ ಕಳೆದಿರೋ ದಿನ ಇನ್ನೂ ಸೊನ್ನೆ."