ನಮ್ಮ ರೂಮಿನ ಪೈಲ್ವಾನ
ನಮ್ಮ ಹಾಸ್ಟೆಲ್ ರೂಮಿನ ಪೈಲ್ವಾನ ಊದಿದರೆ ಹಾರಿಹೋಗುವಂಥ ಆಳು. ಆದರೂ ಕನ್ನಡಿಯ ಮುಂದೆ ತೋಳು ಮಡಚಿ, "ನೋಡೋ, ಬಂತಲ್ವಾ?" ಎಂದು ಕೇಳದೆ ಕಾಲೇಜಿಗೆ ಹೊರಡುವವನಲ್ಲ. "ಬಂತು, ಬಂತು" ಅನ್ನುವುದು ನನ್ನ ಧರ್ಮ. ಅವನ ಮಂಚದ ಕೆಳಗೆ ಸದಾ ಕಡಲೆ ನೆನೆಯುತ್ತಿರುತ್ತದೆ. ಚಹಾದ ಕೆಟಲಿನಲ್ಲೇ ಮೊಟ್ಟೆ ಬೇಯುವುದರಿಂದ ನಮ್ಮೆಲ್ಲರ ಚಹಾಕ್ಕೂ ಅದರದೇ ವಾಸನೆ. ಮೊಟ್ಟೆಯ ಬಿಳಿ ಅವನಿಗೆ, ಹಳದಿ ಕಾರಿಡಾರಿನ ಬೆಕ್ಕಿಗೆ. "ಹಳದೀಲಿ ಬರೀ ಕೊಬ್ಬು ಕಣೋ" ಎನ್ನುತ್ತಾನೆ. ಹೀಗಾಗಿ ನಿಜವಾಗಿ ಪೈಲ್ವಾನನಾದದ್ದು ಬೆಕ್ಕು. ಬೀದಿನಾಯಿಗಳೇ ಅದಕ್ಕೆ ದಾರಿ ಬಿಡುತ್ತವೆ. ಈ ರಜೆಯಲ್ಲಿ ಅವನ ಮನೆಗೆ ಹೋಗಿದ್ದೆ. ಲಿಫ್ಟಿಲ್ಲದ ಮೂರನೇ ಮಹಡಿ. ಮಂಡಿ ಸೋತ ಅಜ್ಜಿ ಬೀದಿ ಕಾಣುವುದು ಮೊಮ್ಮಗ ಬಂದಾಗ ಮಾತ್ರ. ಅವರನ್ನು ಬೆನ್ನಿಗೇರಿಸಿಕೊಂಡು ಇವನು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರೆ, ಹಿಂದೆ ಬರುತ್ತಿದ್ದ ನನಗೇ ಉಸಿರು ಕಟ್ಟಿತ್ತು. ಅಜ್ಜಿ ಮಾತ್ರ ಮೇಲೆ ಕೂತೇ ಬೈಯುತ್ತಿದ್ದರು: "ಏನೋ ಇದು, ಬೆನ್ನೆಲ್ಲ ಬರೀ ಮೂಳೆ! ಚುಚ್ಚುತ್ತೆ ಕಣೋ. ಹೊಟ್ಟೆ ತುಂಬ ತಿನ್ನೋಕೇನು ಧಾಡಿ ನಿಂಗೆ?" ಅವನು ಏದುಸಿರಿನಲ್ಲೇ ನಗುತ್ತಿದ್ದ. ಹಾಸ್ಟೆಲಿಗೆ ಮರಳಿದಾಗಿನಿಂದ ಹಳದಿಯೂ ಅವನ ಹೊಟ್ಟೆಗೇ ಹೋಗುತ್ತಿದೆ. ಪಾಪ, ಬೆಕ್ಕು ಇಳಿದುಹೋಗಿದೆ.