ಸಿದ್ರಾಮಪ್ಪನವರ ದಾನದ ಕಣ್ಣು
ಪುಣೆಯ ಖಡಕಿ ಬಜಾರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಸಿದ್ರಾಮಪ್ಪನವರು ಸಿಟಿ ಬಸ್ಸು ಹತ್ತಿದರೆಂದರೆ ದಾರಿಯ ಬೋರ್ಡುಗಳಿಗೆ ಬಿಡುವಿಲ್ಲ. ಡ್ರೈವಿಂಗ್ ಸ್ಕೂಲು, ಹಲ್ಲಿನ ಡಾಕ್ಟರು, ಮಿಸಳ್ ತಿಂಡಿಯ ಅಂಗಡಿ, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾರೆ. ಪಕ್ಕದವರು ತಿರುಗಿ ನೋಡಿದರೆ ಸಾಕು, ಕನ್ನಡಕ ತೆಗೆದು ಕಣ್ಣರಳಿಸಿ, "ದಾನದ ಕಣ್ಣು ನೋಡ್ರಿ ಇದು, ತೊಂಬತ್ತೆಂಟರಾಗ ಹಾಕ್ಯಾರ!" ಎನ್ನುತ್ತಾರೆ, ಪಕ್ಕದವರು ಮರಾಠಿಯವರಾದರೆ ಅದನ್ನೇ ಮರಾಠಿಯಲ್ಲಿ ಹೇಳುತ್ತಾರೆ. ಕಣ್ಣಿನ ಮುಂಭಾಗದ ತಿಳಿಪರದೆ ವರ್ಷದಿಂದ ವರ್ಷಕ್ಕೆ ಮಬ್ಬಾಗುವ ರೋಗವೊಂದು ಅವರಿಗೆ ತಾಯಿಯಿಂದ ಬಂದಿತ್ತು. ತಾಯಿ ಕೊನೆಯವರೆಗೂ ಮಂಜಿನಲ್ಲೇ ಬದುಕಿದರು; ಮಗ ದಾನಿಯೊಬ್ಬರ ಪರದೆಯನ್ನು ಕಸಿ ಮಾಡಿಸಿಕೊಂಡು ಗೆದ್ದರು. ಅಂದಿನಿಂದ ಗಿರಾಕಿಗಳು ಸುಮ್ಮನೆ ನೀಲಿ ಸೀರೆ ಕೇಳಿದರೆ ಅವರಿಗೆ ಸಿಟ್ಟು. "ನೀಲಿ ಅಂದ್ರ ಯಾವ ನೀಲಿರಿ? ಎಷ್ಟ್ ಥರಾ ಅದಾವ, ಕಣ್ ಬಿಟ್ಟು ನೋಡ್ರಿ!" ಹಬ್ಬದ ಊಟ ತಪ್ಪೀತು, ಕಣ್ಣಿಗೆ ಹಾಕುವ ಔಷಧದ ಹನಿ ತಪ್ಪದು. ಇಂಥವರು ಕುಗ್ಗಿದ್ದು ಒಮ್ಮೆ ಮಾತ್ರ, ಅದೇ ಮಬ್ಬು ಮಗಳು ರಂಜನಾಳ ಕಣ್ಣಿಗೂ ಇಳಿದಾಗ. "ನನ್ನಿಂದನ ಆಕಿಗೆ ಬಂತಲ್ರಿ" ಎಂದು ಡಾಕ್ಟರ ಮುಂದೆ ತಲೆ ತಗ್ಗಿಸಿದರು. ಆದರೆ ಮಗಳು ಹೆದರಿದಾಗ, "ನನ್ನ ಕಣ್ಣು ನೋಡವಾ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇನು?" ಎಂದು ಕೈಹಿಡಿದು ಆಪರೇಶನ್ನಿಗೆ ಕರೆದೊಯ್ದವರೂ ಅವರೇ. ತಿಂಗಳುಗಳ ಮೇಲೆ ಹೊಲಿಗೆ ಬಿಚ್ಚಿ, ಹೊಸ ಕನ್ನಡಕ ಹಾಕಿದ ದಿನ ರಂಜನಾ ತಂದೆಯ ಮುಖವನ್ನು ದಿಟ್ಟಿಸಿದಳು. "ಅಪ್ಪಾ, ನಿಮ್ಮ ಮೀಸಿ ಒಂದ್ ಕಡೆ ಗಿಡ್ಡ ಆಗೇದ್ರಿ!" ಅದು ಡಾಕ್ಟರ ಕೋಣೆ ಎಂಬುದನ್ನೂ ಮರೆತು ಸಿದ್ರಾಮಪ್ಪನವರು ಕೇಕೆ ಹಾಕಿದರು, ಮನೆಗೆ ಬಂದವರೇ ಕತ್ತರಿಯನ್ನು ಮಗಳ ಕೈಗೆ ಕೊಟ್ಟು, ಮುಖ ಮುಂದೆ ಮಾಡಿ ಕೂತರು.